ಕರಗಿದ ಗಡ್ಡೆ ಮತ್ತೆ ಬರುವುದು ಯಾಕೆ? ಉತ್ತರ ಕಾಫಿ ಗಿಡದಲ್ಲಿದೆ!

[ದೃಶ್ಯ: ಚೆಟ್ಟಳ್ಳಿ ಕಡೆಯ ಅರೇಬಿಕಾ ತೋಟ, ಸೆಪ್ಟೆಂಬರ್]

ನಮಸ್ಕಾರ. ಸೋಮವಾರಪೇಟೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಅತ್ತೆಯ ಮೂಗಿನ ಮೇಲಿದ್ದ ಕ್ಯಾನ್ಸರ್ ಗಡ್ಡೆ ಮಾತ್ರೆಯಲ್ಲೇ ಕರಗಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂತು. ಯಾಕೆ?"

ಚರ್ಮದ ಕ್ಯಾನ್ಸರ್‌ನಲ್ಲಿ ಮುಖ್ಯವಾದವು ಮೂರು: ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್, ಮೆಲನೋಮಾ. ಗಡ್ಡೆಯೊಳಗಿನ ಕೆಲವೇ ಕೋಶಗಳಿಗೆ ಇಡೀ ಗಡ್ಡೆಯನ್ನು ಮತ್ತೆ ಬೆಳೆಸುವ ತಾಕತ್ತಿದೆ ಅನ್ನೋದು ಒಂದು ವಾದ. ಅವೇ ಕ್ಯಾನ್ಸರ್ ಕಾಂಡಕೋಶಗಳು. ಅವನ್ನು ಪತ್ತೆ ಹಚ್ಚಲು ಹಿಡಿಯುವ ಪ್ರೋಟೀನೇ ಮಾರ್ಕರ್, ಅಂದರೆ ಗುರುತು.

[ಹತ್ತಿರದ ದೃಶ್ಯ: ಕಾಂಡದ ಮೇಲೆ ಬೆರಳು]

ಈಗ ಈ ಅಕ್ಕನ ಕೈ ನೋಡಿ. ಬೋರರ್, ಅಂದರೆ ಕಾಂಡಕೊರಕ ಹುಳು ಹಿಡಿದ ಗಿಡ ಹುಡುಕುತ್ತಿದ್ದಾರೆ. ನೋಡುವುದಕ್ಕಿಂತ ಮುಟ್ಟುವುದೇ ಜಾಸ್ತಿ. ಬುಡದಿಂದ ಮೇಲಕ್ಕೆ ಬೆರಳು ಸವರುತ್ತಾ ಹೋಗುತ್ತಾರೆ. ಇಗೋ, ಇಲ್ಲಿ ನಿಂತರು. ತೊಗಟೆ ಗೆರೆಯಾಗಿ ಉಬ್ಬಿದೆ. ಒಳಗೆ ಕಾಂಡಕೊರಕ ಹುಳು ಸುರಂಗ ಕೊರೆದಿದೆ. ಅದು ಜೀರುಂಡೆಯಾಗಿ ಹಾರುವ ಮುಂಚೆ ಗಿಡ ಕಿತ್ತು ಸುಡಬೇಕು. ಒಂದು ಗಿಡ ತಪ್ಪಿಸಿಕೊಂಡರೂ ಸಾಕು, ಪಕ್ಕದ ಗಿಡಗಳಿಗೆ ಹರಡುತ್ತದೆ. ಆದರೆ ಗೆರೆಯೇ ಹುಳು ಅಲ್ಲ, ಅಲ್ವಾ? ಹುಳು ಈಗಷ್ಟೇ ಹೊಕ್ಕ ಗಿಡದಲ್ಲಿ ಗೆರೆಯೇ ಇರುವುದಿಲ್ಲ. ಈ ಮಾತು ನೆನಪಿರಲಿ: ಗೆರೆ ಅಂದರೆ ಗುರುತು, ಹುಳು ಅಂದರೆ ಕ್ಯಾನ್ಸರ್ ಕಾಂಡಕೋಶ.

ಬೇಸಲ್ ಸೆಲ್ ಕ್ಯಾನ್ಸರ್‌ಗೆ ವಿಸ್ಮೋಡೆಗಿಬ್ ಎಂಬ ಮಾತ್ರೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೋಶಗಳಿಗೆ ಬೆಳೆಯಲು ಹೇಳುವ ಒಂದು ಸಂಕೇತವನ್ನು ಅದು ತಡೆಯುತ್ತದೆ. ಗಡ್ಡೆ ಕರಗುತ್ತದೆ, ನಿಜ. ಆದರೆ 2018ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಎಲ್‌ಜಿಆರ್5 ಗುರುತಿನ ಕೆಲವು ಕೋಶಗಳು ಔಷಧಿಗೆ ಜಗ್ಗದೆ ತೆಪ್ಪಗೆ ಉಳಿದಿದ್ದು ಕಂಡಿತು. ಔಷಧಿ ನಿಂತರೆ ಅವೇ ಮತ್ತೆ ಬೆಳೆಯುತ್ತವೆ. ವಿಂಟ್ ಎಂಬ ಇನ್ನೊಂದು ಸಂಕೇತವನ್ನೂ ಜೊತೆಗೇ ತಡೆದಾಗ ಅವು ಕಡಿಮೆಯಾದವು. ನನಗೆ ಇದು ತುಂಬಾ ಭರವಸೆ ಕೊಟ್ಟ ಸುದ್ದಿ. ಒಂದು ತೊಡಕಿದೆ: ನಮ್ಮ ಕೂದಲಿನ ಬುಡದ ಆರೋಗ್ಯವಂತ ಕಾಂಡಕೋಶಗಳಿಗೂ ಇದೇ ಎಲ್‌ಜಿಆರ್5 ಗುರುತಿದೆ. ಗುರುತು ಕಂಡದ್ದನ್ನೆಲ್ಲ ಕಿತ್ತು ಸುಡೋಕಾಗಲ್ಲ.

ಮೆಲನೋಮಾದಲ್ಲಿ ಕಥೆಯೇ ಬೇರೆ. 2008ರ ಆರಂಭದಲ್ಲಿ ಎಬಿಸಿಬಿ5 ಗುರುತಿನ ಕೋಶಗಳೇ ಮೂಲ ಎಂಬ ವರದಿ ಬಂತು. ಅದೇ ವರ್ಷದ ಕೊನೆಗೆ ಅಮೆರಿಕದ ಮಿಷಿಗನ್‌ನ ತಂಡವೊಂದು, ರೋಗನಿರೋಧಕ ಶಕ್ತಿ ತೀರಾ ಕಡಿಮೆಯಿರುವ ಇಲಿಗಳಲ್ಲಿ ಒಂದೊಂದೇ ಕೋಶ ಇಟ್ಟು ನೋಡಿತು. ಸುಮಾರು ನಾಲ್ಕರಲ್ಲಿ ಒಂದು ಕೋಶ ಗಡ್ಡೆಯಾಯಿತು! 2010ರಲ್ಲಿ ಅದೇ ತಂಡ 22 ಗುರುತುಗಳನ್ನು ಪರೀಕ್ಷಿಸಿತು. ಯಾವುದೂ ಗಡ್ಡೆ ಬೆಳೆಸುವ ಕೋಶಗಳನ್ನು ಬೇರ್ಪಡಿಸಿ ತೋರಿಸಲಿಲ್ಲ. ಗುರುತಿಲ್ಲದ ಕೋಶದಿಂದ ಗುರುತಿರುವವೂ ಹುಟ್ಟಿದವು. ಗೆರೆ ಇಲ್ಲದ ಗಿಡದಲ್ಲೂ ಹುಳು!

ಸಮಯ ಆಗ್ತಾ ಬಂತು. ಸ್ಕ್ವೇಮಸ್‌ನಲ್ಲಿ ಇಲಿಗಳಲ್ಲಿ ಸಿಡಿ34, ಮನುಷ್ಯರಲ್ಲಿ ಸಿಡಿ44, ಸಾಕ್ಸ್2 ಎಂಬ ಗುರುತುಗಳ ಮೇಲೆ ಕೆಲಸ ನಡೆದಿದೆ. ಇನ್ನೊಂದು ವಿಡಿಯೋ ಮಾಡುತ್ತೇನೆ.

ಅತ್ತೆಯವರ ವಿಷಯಕ್ಕೆ ಬರೋಣ. ಡಾಕ್ಟರ್ ಹೇಳಿದ ತಪಾಸಣೆಯ ದಿನ ತಪ್ಪಿಸಬೇಡಿ, ಹಳೆಯ ಜಾಗವನ್ನು ಬೆಳಕಿನಲ್ಲಿ ನೋಡುತ್ತಿರಿ. ಮತ್ತೆ ನಮ್ಮಂಥ ಕಪ್ಪು ಮೈಬಣ್ಣದವರಿಗೆ ಮೆಲನೋಮಾ ಹೆಚ್ಚಾಗಿ ಅಂಗಾಲಲ್ಲಿ, ಉಗುರಿನ ಅಡಿಯಲ್ಲಿ ಬರುತ್ತದೆ. ಸಂಜೆ ಗಂಬೂಟು ಕಳಚಿದಾಗ ಅಲ್ಲೂ ಒಮ್ಮೆ ಕಣ್ಣು ಹಾಯಿಸಿ.