ಎಳೆಯದ ಹಳೇ ಪಿಕಪ್: ಇಂಜಿನ್ ಬಿಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ಹಳೇ ಪಿಕಪ್ ಗಾಡಿ. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಸದ್ದೂ ಚೆನ್ನಾಗಿದೆ. ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ ಎಳೆಯುವುದಿಲ್ಲ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡಕ್ಕೆ ಇಳಿಸಬೇಕು. ಇಂಥ ಗಾಡಿ ನೋಡಿದ ಕೂಡಲೇ ಹಲವರು ಹೇಳುವುದು ಒಂದೇ ಮಾತು: ಇಂಜಿನ್ ಹೋಗಿದೆ, ಬೋರ್ ಮಾಡಿಸಿ, ಅಂದರೆ ಬಿಚ್ಚಿ ಸವೆದ ಸಿಲಿಂಡರ್ ಕೊರೆಸಿ. ಆ ಮಾತನ್ನು ಅಷ್ಟು ಬೇಗ ಒಪ್ಪಬೇಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ಹಳೇ ಇಂಜಿನ್ ಸವೆದಿರಬಹುದು, ನಿಜ. ಆದರೆ ಅದಕ್ಕೆ ಗಾಳಿ ಸಾಲದೇ ಇರಬಹುದು, ಇಂಧನ ಸಾಲದೇ ಇರಬಹುದು, ಹೊಗೆ ಹೊರಗೆ ಹೋಗಲು ದಾರಿಯೇ ಇಲ್ಲದಿರಬಹುದು. ಇವನ್ನೆಲ್ಲ ಇಂಜಿನ್ ಬಿಚ್ಚದೇ ಪತ್ತೆ ಮಾಡಬಹುದು.

ಮೊದಲು ಗಾಡಿ ಓಡಿಸುವವರನ್ನೇ ಕೇಳಬೇಕು. ಶಕ್ತಿ ಯಾವಾಗ ಹೋಗುತ್ತದೆ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಕಡಿಮೆ ವೇಗದಲ್ಲೋ, ರೇಸ್ ಏರಿದಾಗಲೋ? ಒಂದೇ ದಿನಕ್ಕೆ ಹೋಯಿತೋ, ತಿಂಗಳುಗಟ್ಟಲೆ ನಿಧಾನಕ್ಕೆ ಕುಗ್ಗುತ್ತಾ ಬಂತೋ? ಇದು ಸುಮ್ನೆ ಕೇಳುವ ಮಾತಲ್ಲ. ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಸುಸ್ತಾಗುವ ಗಾಡಿ ಬೇರೆ, ಮೊದಲ ಗೇರಿನಿಂದಲೇ ಸೋತಿರುವ ಗಾಡಿ ಬೇರೆ. ಮೊದಲನೆಯದರಲ್ಲಿ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವ ತೂತು ಕಟ್ಟಿಕೊಂಡಿದ್ದರೂ ಆಯಿತು. ಟ್ಯಾಂಕಿನೊಳಗೆ ಇಂಧನ ಇಳಿದಂತೆ ಆ ಜಾಗಕ್ಕೆ ಗಾಳಿ ಬರಬೇಕಲ್ವಾ? ಬರದಿದ್ದರೆ ಪಂಪ್ ಎಷ್ಟು ಎಳೆದರೂ ಇಂಧನ ಬರುವುದಿಲ್ಲ. ಗಾಡಿ ಸೋತ ಜಾಗದಲ್ಲೇ ನಿಲ್ಲಿಸಿ ಮುಚ್ಚಳ ತಿರುಗಿಸಿ. ಗಾಳಿ ಸುಯ್ ಅಂತ ಒಳಗೆ ನುಗ್ಗಿ, ಆಮೇಲೆ ಗಾಡಿ ಮತ್ತೆ ಎಳೆದರೆ ಕಳ್ಳ ಸಿಕ್ಕಿದ ಹಾಗೆಯೇ.

ಇಂಜಿನ್ ತಪ್ಪೇ ಅಲ್ಲದ ಎರಡು ವಿಷಯ ಬೇಗ ನೋಡಿ ಮುಗಿಸೋಣ. ಒಂದು ಬ್ರೇಕ್. ಸ್ವಲ್ಪ ದೂರ ಓಡಿಸಿ, ಆದಷ್ಟು ಬ್ರೇಕ್ ಒತ್ತದೇ ನಿಲ್ಲಿಸಿ, ನಾಲ್ಕೂ ಚಕ್ರದ ಡ್ರಮ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಇನ್ನೊಂದು ಕ್ಲಚ್. ದೊಡ್ಡ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅಂಥ ಗಾಡಿಯ ಇಂಜಿನ್ ಮುಟ್ಟಬೇಕಾಗಿಲ್ಲ.

ಮೂರನೆಯದು ಪೆಡಲ್. ಇದನ್ನು ನೋಡುವವರು ಕಡಿಮೆ. ಒಬ್ಬರು ಒಳಗೆ ಕೂತು, ಇಂಜಿನ್ ಆಫ್ ಇದ್ದಾಗ, ಪೆಡಲ್ ಪೂರ್ತಿ ಒತ್ತಲಿ. ಇನ್ನೊಬ್ಬರು ಬಾನೆಟ್ ತೆಗೆದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಟರ್‌ಫ್ಲೈ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಡೀಸೆಲ್ ಆದರೆ ಪಂಪಿನ ಲಿವರ್, ಕೊನೆಯವರೆಗೂ ಹೋಗುತ್ತದೆಯೇ ನೋಡಲಿ. ಕೇಬಲ್ ಹಿಗ್ಗಿರುತ್ತದೆ, ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿರುತ್ತದೆ. ಮುಕ್ಕಾಲು ಭಾಗ ಮಾತ್ರ ತೆರೆಯುವ ಬಟರ್‌ಫ್ಲೈ ಇಟ್ಟುಕೊಂಡು ಪೂರ್ತಿ ಶಕ್ತಿ ಕೇಳಿದರೆ ಎಲ್ಲಿಂದ ಬರಬೇಕು?

ಈಗ ಹೊಗೆಯ ವಿಷಯ, ಮುಖ್ಯವಾಗಿ ಡೀಸೆಲ್ ಗಾಡಿ ಇರುವವರಿಗೆ. ಏರು ಹತ್ತುವಾಗ ಎಳೆಯುತ್ತಿಲ್ಲ, ಜೊತೆಗೆ ಕಪ್ಪು ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಹೋಗುತ್ತಿದೆ, ಅದಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್ ನೋಡಿ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಟರ್ಬೊದಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ನೋಡಿ. ಪೈಪಿನ ಕೆಳಭಾಗದಲ್ಲಿ ಎಣ್ಣೆ ಜಿಡ್ಡಿನ ಕಲೆ ಕಂಡರೆ, ಕ್ಲಿಪ್ ಸಡಿಲಿಸಿ ಪೈಪ್ ಬಗ್ಗಿಸಿ ನೋಡಿ. ನಿಂತಾಗ ಮುಚ್ಚಿಕೊಳ್ಳುವ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಡೀಸೆಲ್ ಚಿಮುಕಿಸುವ ನಾಝಲ್ ಕೆಟ್ಟಿದ್ದರೂ ಕಪ್ಪು ಹೊಗೆ ಬರುತ್ತದೆ, ಆದರೆ ಮೊದಲು ಗಾಳಿ ನೋಡಿ, ಅದು ಸುಲಭ. ಇನ್ನು ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಅಂದರೆ? ಆಗ ಡೀಸೆಲ್ಲೇ ಸಾಲುತ್ತಿಲ್ಲ. ಫಿಲ್ಟರ್ ಬದಲಿಸಿ, ಅದರ ತಳದಲ್ಲಿ ನಿಂತ ನೀರು ಬಿಡಿ. ಟ್ಯಾಂಕಿನಿಂದ ಪಂಪಿಗೆ ಬರುವ ಹಳೇ ರಬ್ಬರ್ ಪೈಪ್ ಮೇಲೆ ನನಗೆ ಯಾವಾಗಲೂ ಅನುಮಾನ. ಅದರ ಬಿರುಕಿನಿಂದ ಡೀಸೆಲ್ ಹೊರಗೆ ಸೋರದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಪಂಪಿಗೆ ಮುಂಚೆ ಒಂದು ತುಂಡು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿ ಇಂಜಿನ್ ಓಡಿಸಿ. ಡೀಸೆಲ್ ಜೊತೆ ಗುಳ್ಳೆ ಸಾಲುಸಾಲಾಗಿ ಹರಿದರೆ ಅಲ್ಲೇ ಉತ್ತರ ಇದೆ.

ಒಂದು ಎಚ್ಚರಿಕೆಯ ಮಾತು. ಹಳೇ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಇಂಜಿನ್‌ಗಳಲ್ಲಿ ನಾಝಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುವ ರೂಢಿ ಇದೆ. ಎಲ್ಲ ನಾಝಲ್‌ಗೂ ಒಂದೇ ಭಾರಿ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್‌ನಲ್ಲಿ ಇದನ್ನು ಖಂಡಿತ ಮಾಡಬೇಡಿ. ಅಲ್ಲಿ ಒತ್ತಡ 1,000 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು, ದಾಟುತ್ತದೆ. ಆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪೆಟ್ರೋಲ್ ಗಾಡಿಗೆ ಬರೋಣ. ಕಾರ್ಬುರೇಟರ್ ಇರುವ ಇಂಜಿನ್‌ನ ಪಂಪ್ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡುತ್ತದೆ. ಗೇಜ್ ನೋಡಿ ಒತ್ತಡ ಇದೆ ಅಂತ ಸಮಾಧಾನ ಪಡಬೇಡಿ, ಎಷ್ಟು ಪೆಟ್ರೋಲ್ ಬರುತ್ತದೆ ಅಂತಲೂ ಅಳೆಯಬೇಕು. ಹಳಬರ ಲೆಕ್ಕ ಸುಲಭ: 30 ಸೆಕೆಂಡಿಗೆ ಸುಮಾರು ಅರ್ಧ ಲೀಟರ್. ಇದನ್ನು ಅಳೆಯುವಾಗ ಇಂಜಿನ್ ತಣ್ಣಗಿರಲಿ, ಹತ್ತಿರದಲ್ಲಿ ಕಿಡಿ, ಬೆಂಕಿ ಯಾವುದೂ ಇರಬಾರದು.

ಪ್ಲಗ್, ಪ್ಲಗ್ ವೈರ್ ಎಲ್ಲರೂ ನೋಡುತ್ತಾರೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತಿನ ಬಗ್ಗೆ ಹೇಳಲೇಬೇಕು. ಇಂಜಿನ್ ವೇಗ ಏರಿದಂತೆ ಕಿಡಿ ಇನ್ನೂ ಸ್ವಲ್ಪ ಮುಂಚೆ ಬೀಳಬೇಕು. ಪ್ಲಗ್‌ಗಳಿಗೆ ಕಿಡಿ ಹಂಚುವ ಹಳೇ ಡಿಸ್ಟ್ರಿಬ್ಯೂಟರ್‌ನಲ್ಲಿ ಈ ಕೆಲಸ ಮಾಡುವುದು ಒಳಗಿರುವ ಎರಡು ಚಿಕ್ಕ ತೂಕದ ತುಂಡುಗಳು. ಎಣ್ಣೆ ಒಣಗಿ ತುಕ್ಕು ಹಿಡಿದರೆ ಅವು ಅಲ್ಲಾಡುವುದಿಲ್ಲ. ನಿಂತಲ್ಲಿ ಇಂಜಿನ್ ಚೆನ್ನಾಗಿಯೇ ಓಡುತ್ತದೆ, ರೇಸ್ ಮಾಡಿದರೆ ಮಂಕಾಗುತ್ತದೆ. ಕ್ಯಾಪ್ ತೆಗೆದು ರೋಟರ್ ಅನ್ನು ಅದು ತಿರುಗುವ ದಿಕ್ಕಿಗೆ ಬೆರಳಲ್ಲಿ ತಿರುವಿ. ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಸ್ಪ್ರಿಂಗ್ ಎಳೆತಕ್ಕೆ ಟಕ್ ಅಂತ ಹಿಂದಕ್ಕೆ ಬರಬೇಕು. ಬರದೇ ಅಲ್ಲೇ ಕೂತರೆ ಬಿಚ್ಚಿ ತೊಳೆದು ಎಣ್ಣೆ ಹಾಕಿ. ಇಂಜಿನ್‌ನ ಗಾಳಿ ಎಳೆತಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವ, ಪಕ್ಕದ ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಿಂದ ಎಳೆದು ನಾಲಿಗೆ ಒತ್ತಿ ಹಿಡಿಯಿರಿ. ನಾಲಿಗೆಗೆ ಅಂಟಿಕೊಂಡೇ ಇದ್ದರೆ ಒಳಗಿನ ಪೊರೆ ಸರಿಯಿದೆ.

ಇನ್ನು ಸೈಲೆನ್ಸರ್ ಕಡೆ. ಜನ ಮರೆಯುವುದು ಇಲ್ಲೇ, ನಾನು ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲೇ. ಒಳಗೆ ಎಷ್ಟೇ ಒಳ್ಳೆಯ ಗಾಳಿ, ಪೆಟ್ರೋಲ್ ಕೊಡಿ, ಸುಟ್ಟ ಹೊಗೆ ಹೊರಗೆ ಹೋಗದಿದ್ದರೆ ಸಿಲಿಂಡರಿಗೆ ಹೊಸ ಗಾಳಿ ಬರಲು ಜಾಗವೇ ಇಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡಿರಬಹುದು. ಎರಡು ಪದರದ ಪೈಪ್ ಇದ್ದರೆ ಒಳಪದರ ಮಾತ್ರ ಕುಸಿದಿರಬಹುದು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಕಣ್ಣಿಗೆ ಕಾಣದ ದೋಷ ಇದು. ಇದಕ್ಕೆ ವ್ಯಾಕ್ಯೂಮ್ ಗೇಜ್, ಅಂದರೆ ಇಂಜಿನ್ ಗಾಳಿಯನ್ನು ಎಷ್ಟು ಬಲವಾಗಿ ಎಳೆಯುತ್ತದೆ ಅಂತ ತೋರಿಸುವ ಮೀಟರ್ ಬೇಕು.

ಪೆಟ್ರೋಲ್ ಇಂಜಿನ್ ಇರುವವರು ಕೊಳ್ಳಬೇಕಾದ ಮೊದಲ ಮೀಟರ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸಿಲಿಂಡರಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಇದರ ಪೈಪ್ ಸಿಕ್ಕಿಸಿ. ಅಂಕಿಗಳನ್ನು ಬರೆದುಕೊಳ್ಳಿ. ಬಿಸಿಯಾದ ಒಳ್ಳೆಯ ಇಂಜಿನ್ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಇದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಒಂದೇ ತಾಳದಲ್ಲಿ ಮತ್ತೆ ಮತ್ತೆ ಕೆಳಗೆ ಬಿದ್ದು ಏಳುತ್ತಿದ್ದರೆ ಸಿಲಿಂಡರಿನ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ಯಾವುದೋ ಒಂದು ವಾಲ್ವ್ ಸುಟ್ಟಿರಬಹುದು. ಅಲ್ಲಾಡದೇ ಕಡಿಮೆ ನಿಂತಿದ್ದರೆ ಕಿಡಿ ತಡವಾಗಿ ಬೀಳುತ್ತಿರಬಹುದು, ಅಥವಾ ಎಲ್ಲಿಂದಲೋ ಗಾಳಿ ಸೇರುತ್ತಿರಬಹುದು. ಈಗ ಇಂಜಿನ್ ಅನ್ನು 2,500 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 2,500 ಸುತ್ತಿಗೆ, ಏರಿಸಿ ಅಲ್ಲೇ ಹಿಡಿಯಿರಿ. ಮುಳ್ಳು ಒಮ್ಮೆ ಇಳಿದು ಮತ್ತೆ ಮೇಲೆ ಬಂದು ನಿಲ್ಲಬೇಕು. ಹಾಗೆ ನಿಲ್ಲದೇ, ನೀವು ಹಿಡಿದಿರುವಷ್ಟು ಹೊತ್ತೂ ನಿಧಾನಕ್ಕೆ ಜಾರುತ್ತಾ ಹೋದರೆ, ಹೊಗೆ ಹೋಗುವ ದಾರಿ ಕಟ್ಟಿದೆ.

ಖಾತ್ರಿ ಮಾಡಿಕೊಳ್ಳಲು ಕನ್ವರ್ಟರಿಗೆ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕಬಹುದು. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಅನುಮಾನವೇ ಬೇಡ. ಡೀಸೆಲ್‌ನಲ್ಲಿ ಬಟರ್‌ಫ್ಲೈ ಹಿಡಿತ ಇಲ್ಲದ್ದರಿಂದ ವ್ಯಾಕ್ಯೂಮ್ ಗೇಜ್ ಉಪಯೋಗಕ್ಕೆ ಬರುವುದಿಲ್ಲ, ಒತ್ತಡವನ್ನೇ ಅಳೆಯಬೇಕು. ಕನ್ವರ್ಟರ್ ಕಟ್ಟಿದ್ದು ಗೊತ್ತಾದ ಮೇಲೆ ಸುಮ್ನೆ ಹೊಸದು ಹಾಕಿ ಕಳಿಸಬೇಡಿ. ಮಿಸ್ಸಿಂಗ್ ಇರುವ, ಅಂದರೆ ಒಂದೊಂದು ಸಲ ಸಿಲಿಂಡರ್ ಉರಿಯದೇ ಹೋಗುವ, ಇಂಜಿನ್ ಸುಡದ ಪೆಟ್ರೋಲನ್ನು ಅದರೊಳಗೆ ಕಳಿಸುತ್ತದೆ, ಅದು ಅಲ್ಲಿ ಉರಿದು ಜೇನುಗೂಡನ್ನು ಕರಗಿಸುತ್ತದೆ. ಮಿಸ್ಸಿಂಗ್ ಸರಿ ಮಾಡದಿದ್ದರೆ ಹೊಸದಕ್ಕೂ ಅದೇ ಗತಿ.

ಇಷ್ಟೆಲ್ಲ ಸರಿಯಿದ್ದು ಗಾಡಿ ಇನ್ನೂ ಎಳೆಯದಿದ್ದರೆ, ಈಗ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಅದುಮಿದಾಗ ಬರುವ ಒತ್ತಡ, ಅಳೆಯಿರಿ. ಕಿಡಿ, ಪೆಟ್ರೋಲ್ ಎರಡರ ಸಂಪರ್ಕವನ್ನೂ ಮೊದಲು ತಪ್ಪಿಸಿ. ಬ್ಯಾಟರಿ ತುಂಬಿರಲಿ, ಎಲ್ಲ ಪ್ಲಗ್ ಬಿಚ್ಚಿರಲಿ, ಬಟರ್‌ಫ್ಲೈ ಪೂರ್ತಿ ತೆರೆದಿರಲಿ, ಪ್ರತಿ ಸಿಲಿಂಡರಿಗೂ ಒಂದೇ ಲೆಕ್ಕದ ಸುತ್ತು ಸೆಲ್ಫ್ ಹೊಡೆಯಿರಿ. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ ಶೇಕಡಾ 75ಕ್ಕಿಂತ ಕೆಳಗಿರಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಟ್ಯಾಪೆಟ್, ಅಂದರೆ ವಾಲ್ವ್ ಮೇಲೆ ಬಿಡುವ ಸಂದು, ತೀರಾ ಬಿಗಿಯಾಗಿದ್ದರೂ ವಾಲ್ವ್ ಕೂರುವುದಿಲ್ಲ, ಅದನ್ನು ಮೊದಲು ಸರಿಮಾಡಿ ನೋಡಿ. ಅಕ್ಕಪಕ್ಕದ ಎರಡು ಮಾತ್ರ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಹೆಡ್ ಕೆಳಗೆ ಸೋರದಂತೆ ಹಾಕುವ ಹಾಳೆ, ಹೋಗಿದೆ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ವಾಲ್ವ್ ತೆರೆಯುವ ಹೊತ್ತು ಕಾಯುವ ಟೈಮಿಂಗ್ ಚೈನ್ ಹಲ್ಲು ಹಾರಿರಬಹುದು. ಹಾಗಿದ್ದರೆ ಆ ಇಂಜಿನ್‌ಗೂ ಬೋರ್ ಬೇಡ.

ಕೊನೆಗೆ ಒಂದು ವಿಚಿತ್ರ ಕೇಸ್ ಉಳಿಯುತ್ತದೆ. ಕಂಪ್ರೆಷನ್ ಚೆನ್ನಾಗಿದೆ, ಸೈಲೆನ್ಸರ್ ಕಟ್ಟಿಲ್ಲ, ಪೆಟ್ರೋಲ್ ಸರಿ, ಕಿಡಿ ಸರಿ. ಆದರೂ ತಿಂಗಳಿಂದ ತಿಂಗಳಿಗೆ ಶಕ್ತಿ ಕುಗ್ಗುತ್ತಿದೆ, ಒಮ್ಮೊಮ್ಮೆ ಕಾರ್ಬುರೇಟರ್ ಕಡೆಯಿಂದ ಪಟ್ ಅಂತ ಸದ್ದು. ವಾಲ್ವ್ ಕವರ್ ತೆಗೆಯಿರಿ, ಇಂಜಿನ್ ಅನ್ನು ಕೈಯಿಂದ ತಿರುಗಿಸುತ್ತಾ ವಾಲ್ವ್ ಒತ್ತುವ ಒಂದೊಂದು ರಾಕರ್ ಎಷ್ಟು ಇಳಿಯುತ್ತದೆ ನೋಡಿ. ಉಳಿದವೆಲ್ಲ ಇಳಿಯುವಷ್ಟು ಒಂದು ಇಳಿಯದಿದ್ದರೆ ಅದನ್ನು ಅಲ್ಲಾಡಿಸುವ ಕ್ಯಾಮ್ ದಂಡದ ಉಬ್ಬು ಸವೆದಿದೆ, ವಾಲ್ವ್ ಅರ್ಧ ಮಾತ್ರ ತೆರೆಯುತ್ತಿದೆ. ಡಯಲ್ ಗೇಜ್ ಇಟ್ಟು ಅಳೆದು ಖಚಿತ ಮಾಡಿಕೊಳ್ಳಿ. ಹೊಸ ಕ್ಯಾಮ್ ಹಾಕುವಾಗ ಅದರ ಮೇಲೆ ಕೂರುವ ಲಿಫ್ಟರ್‌ಗಳನ್ನೂ ಹೊಸದೇ ಹಾಕಿಸಿ. ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ, ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ ತೊಳೆಯಿರಿ. ಸವೆದ ಉಬ್ಬಿನ ಲೋಹದ ಪುಡಿ ಅಷ್ಟೂ ಅಲ್ಲೇ ಇರುತ್ತದೆ.

ನಮಸ್ಕಾರ.