ಹದಿನಾರರಲ್ಲಿ ಹದಿನೈದು: 1988ರ ಮೆಕ್ಲಾರೆನ್

ಗೆಳೆಯರೇ, 1988ರ ಫಾರ್ಮುಲಾ ಒನ್ ಮಾತು ಬಂದರೆ ಬಹಳ ಜನ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಹೋಂಡಾ ಎಂಜಿನ್ ಇತ್ತು, ಗೆದ್ದರು. ಮೆಕ್ಲಾರೆನ್ ತಂಡ ಆ ವರ್ಷ 16 ರೇಸುಗಳಲ್ಲಿ 15 ಗೆದ್ದಿತು. ತಂಡದ ಇಬ್ಬರು ಚಾಲಕರಲ್ಲಿ ಸೆನ್ನಾ ಎಂಟು, ಪ್ರಾಸ್ಟ್ ಏಳು. ಆದರೆ ಅದೇ ಎಂಜಿನ್ ಲೋಟಸ್ ತಂಡದಲ್ಲೂ ಇತ್ತು. ಅದನ್ನು ಓಡಿಸಿದವರು ಹಿಂದಿನ ವರ್ಷದ ಚಾಂಪಿಯನ್ ನೆಲ್ಸನ್ ಪಿಕೆ. ಲೋಟಸ್ ಒಂದು ರೇಸನ್ನೂ ಗೆಲ್ಲಲಿಲ್ಲ.

ಇಟಲಿಯ ಇಮೋಲಾ ರೇಸಿನ ಅರ್ಹತಾ ಸುತ್ತಿನ ಪಟ್ಟಿ ನೋಡಿ. ಸೆನ್ನಾ 1:27.148, ಪ್ರಾಸ್ಟ್ 1:27.919, ಮೂರನೆಯವರಾದ ಪಿಕೆ 1:30.500. ಎಂಜಿನ್ ಒಂದೇ, ಅಂತರ ಮೂರು ಸೆಕೆಂಡಿಗೂ ಮೇಲೆ. ರೇಸಿನಲ್ಲೂ ಪಿಕೆ ಮೂರನೆಯವರೇ, ಒಂದು ಲ್ಯಾಪ್ (ಸುತ್ತು) ಹಿಂದೆ.

ಹಾಗಾದರೆ ಉತ್ತರವನ್ನು ಕಾರಿನಲ್ಲೇ ಹುಡುಕಬೇಕು. ಆ ವರ್ಷ ಹೋಂಡಾದಂಥ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್ನುಗಳ ಕತ್ತು ಹಿಸುಕುವ ನಿಯಮ ಬಂತು: ಬೂಸ್ಟ್ (ಆ ಗಾಳಿಯ ಒತ್ತಡ) 4 ಬಾರ್‌ನಿಂದ 2.5 ಬಾರ್‌ಗೆ, ಒಂದು ರೇಸಿನ ಪೆಟ್ರೋಲ್ 195 ಲೀಟರಿನಿಂದ 150 ಲೀಟರಿಗೆ. ಟರ್ಬೊ ಇಲ್ಲದ 3.5 ಲೀಟರಿನ ಸಾದಾ ಎಂಜಿನ್ನಿಗೆ ಇಂಧನದ ಮಿತಿಯೇ ಇರಲಿಲ್ಲ. ಟ್ಯಾಂಕ್ ಚಿಕ್ಕದಾಯಿತು; ಮೆಕ್ಲಾರೆನ್ ಅದನ್ನೇ ಲಾಭ ಮಾಡಿಕೊಂಡಿತು. ವಿನ್ಯಾಸಕರಾದ ಸ್ಟೀವ್ ನಿಕೋಲ್ಸ್ ಮತ್ತು ಗಾರ್ಡನ್ ಮರೆ ಅವರ ಕೈಯಲ್ಲಿ ಆ ವರ್ಷದ ಕಾರು ಎಂಪಿ4/4 ನೆಲಕ್ಕಂಟಿದಂತೆ ತಗ್ಗಾಯಿತು. ಚಾಲಕ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸಬೇಕು. ಹೋಂಡಾ ಕ್ಲಚ್ಚಿನ ವ್ಯಾಸ ಕಡಿಮೆ ಮಾಡಿ, ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕೆಳಗಿಳಿಸಿತ್ತು. ಇಲ್ಲೊಂದು ತೊಡಕು: ಎಂಜಿನ್ ಕೆಳಗಿಳಿದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್‌ಶಾಫ್ಟ್ ಓರೆಯಾಗುತ್ತದೆ, ಜಾಯಿಂಟ್ ಬೇಗ ಸವೆಯುತ್ತದೆ. ಅದಕ್ಕೆ ಗೇರ್‌ಬಾಕ್ಸಿನಲ್ಲಿ ಮೂರನೆಯ ಶಾಫ್ಟ್ ಸೇರಿಸಿ, ಶಕ್ತಿ ಹೊರಬರುವ ಜಾಗವನ್ನು ಮತ್ತೆ ಮೇಲಕ್ಕೆ ತಂದರು. ಇಷ್ಟು ತಗ್ಗಿನ ಕಾರನ್ನು ಮರೆ 1986ರಲ್ಲೇ ಬ್ರಾಭಮ್ ತಂಡಕ್ಕೆ ಮಾಡಿದ್ದರು. ಓರೆಯಾಗಿ ಮಲಗಿಸಿದ ಬಿಎಂಡಬ್ಲ್ಯು ಎಂಜಿನ್ನಿನಲ್ಲಿ ಎಣ್ಣೆ ಸರಿಯಾಗಿ ವಾಪಸ್ ಹರಿಯದೆ ಅದು ಸೋತಿತ್ತು. ಹೋಂಡಾದ ವಿ6 ಎಂಜಿನ್ನಿಗೆ ಆ ರೋಗವಿರಲಿಲ್ಲ. ನನ್ನ ಮಟ್ಟಿಗೆ ಆ ಋತುವಿನ ನಿಜವಾದ ಕೀಲಿ ಈ ಜೋಡಣೆಯಲ್ಲೇ ಇದೆ.

ಇಂಧನದ ಲೆಕ್ಕವೂ ಬಿಗಿ. ಸುಮಾರು 305 ಕಿ.ಮೀ. ರೇಸಿಗೆ 150 ಲೀಟರ್, ಅಂದರೆ ಲೀಟರಿಗೆ ಎರಡು ಕಿ.ಮೀ. ಇಂಧನದಲ್ಲಿ ಟೊಲ್ಯೂಯಿನ್ ಎಂಬ ರಾಸಾಯನಿಕವೇ ಹೆಚ್ಚು. ಅದು ಬಡಿತ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಉರಿಯುವುದು) ತಡೆಯುತ್ತದೆ, ಆದರೆ ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಕಾಯಿಸಿಯೇ ಎಂಜಿನ್ನಿಗೆ ಬಿಡುತ್ತಿದ್ದರು.

ಕೈತಪ್ಪಿದ್ದು ಇಟಲಿಯ ಮೋಂಜಾ ರೇಸ್ ಒಂದೇ. ಪ್ರಾಸ್ಟ್ ಎಂಜಿನ್ ಕೈಕೊಟ್ಟಿತು. ಮುಂದಿದ್ದ ಸೆನ್ನಾ, ಇನ್ನೇನು ಎರಡು ಲ್ಯಾಪ್ ಉಳಿದಿವೆ ಎನ್ನುವಾಗ ಷಿಕೇನ್ ಎಂಬ ಅಂಕುಡೊಂಕು ತಿರುವಿನಲ್ಲಿ ವಿಲಿಯಮ್ಸ್‌ನ ಷ್ಲೆಸೆರ್ ಅವರನ್ನು ಲ್ಯಾಪ್ ಮಾಡಲು (ಒಂದು ಪೂರ್ಣ ಸುತ್ತು ಹಿಂದೆ ಹಾಕಿ ದಾಟಲು) ಹೋಗಿ ಡಿಕ್ಕಿಯಾಗಿ ನಿಂತರು. ಫೆರಾರಿ ತಂಡ ಕಟ್ಟಿದ ಎನ್ಜೊ ಫೆರಾರಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಬೆರ್ಗರ್, ಅಲ್ಬೊರೆಟೊ ಫೆರಾರಿಗೆ ಮೊದಲೆರಡು ಸ್ಥಾನ ತಂದುಕೊಟ್ಟರು.

ಕೊನೆಗೆ, ಇಂದಿಗೂ ಜಗಳ ಹುಟ್ಟಿಸುವ ಅಂಕಪಟ್ಟಿ. ಗೆಲುವಿಗೆ 9, ಎರಡನೆಯದಕ್ಕೆ 6. ಆದರೆ 16ರಲ್ಲಿ ಉತ್ತಮ 11 ಫಲಿತಾಂಶ ಮಾತ್ರ ಲೆಕ್ಕಕ್ಕೆ. ಪ್ರಾಸ್ಟ್ ಏಳು ಗೆಲುವು, ಏಳು ಎರಡನೇ ಸ್ಥಾನ: ಒಟ್ಟು 105. ಮೂರು ಎರಡನೇ ಸ್ಥಾನ ಬಿಟ್ಟರೆ 87. ಸೆನ್ನಾ ಒಟ್ಟು 94. ಒಂದು ನಾಲ್ಕನೆಯದು, ಒಂದು ಆರನೆಯದು ಬಿಟ್ಟರೆ 90. ಕಿರೀಟ ಸೆನ್ನಾಗೆ. ಪ್ರಾಸ್ಟ್‌ಗೆ ಅನ್ಯಾಯವಾಯಿತು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ನಿಯಮ ಮೊದಲ ರೇಸಿಗೂ ಮುಂಚೆ ಇಬ್ಬರಿಗೂ ಗೊತ್ತಿತ್ತು, ಅದು ಗೆಲುವಿಗೇ ಹೆಚ್ಚು ಬೆಲೆ ಕೊಡುತ್ತಿತ್ತು. ಎಲ್ಲ ರೇಸುಗಳ ಅಂಕವನ್ನೂ ಸೇರಿಸುವ ಪದ್ಧತಿ ಬಂದದ್ದು 1991ರಲ್ಲಿ.