ಪೊಂಪೆ ಕಾಯಿಲೆ: ಇಲಿಯ ಸ್ನಾಯು ತಿಳಿಸಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಏಳು ತಿಂಗಳ ಹೆಣ್ಣುಮಗುವೊಂದು ತೀರಿಕೊಂಡಾಗ ಅದರ ಹೃದಯ ಏಕೆ ಅಷ್ಟೊಂದು ದಪ್ಪವಾಗಿತ್ತು ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ನೆದರ್ಲೆಂಡ್ಸ್‌ನ ವೈದ್ಯ ಪೊಂಪೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೃದಯದ ಸ್ನಾಯು ಬಲೆಯಂತೆ ಜಾಳುಜಾಳಾಗಿ ಕಂಡಿತು. ಬಲೆಯ ಕಣ್ಣುಗಳಲ್ಲೆಲ್ಲ ಗ್ಲೈಕೋಜನ್ ತುಂಬಿಕೊಂಡಿತ್ತು. 1932ರಲ್ಲಿ ಅವರು ಪ್ರಕಟಿಸಿದ ಆ ವರದಿಯಿಂದ ಕಾಯಿಲೆಗೆ ಅವರ ಹೆಸರೇ ನಿಂತಿತು.

ಗ್ಲೈಕೋಜನ್ ಎಂದರೆ ನಮ್ಮ ದೇಹ ಸಕ್ಕರೆಯನ್ನು ಕೂಡಿಡುವ ರೂಪ. ಸುಗ್ಗಿಯಲ್ಲಿ ಕಣಜ ತುಂಬಿ ಬೇಕಾದಾಗ ತೆಗೆದು ಬಳಸುವಂತೆ ಯಕೃತ್ತು ಮತ್ತು ಸ್ನಾಯುಗಳು ಅದನ್ನು ತುಂಬಿಟ್ಟು ಕರಗಿಸುತ್ತವೆ. ಅದರಲ್ಲಿ ಒಂದು ಸಣ್ಣ ಪಾಲು ಜೀವಕೋಶದೊಳಗಿನ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿಗೆ ಹೋಗಿ, ಅಲ್ಲಿ ಆಸಿಡ್ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವದಿಂದ ಸಕ್ಕರೆಯಾಗಿ ಒಡೆಯುತ್ತದೆ. ಪೊಂಪೆ ಕಾಯಿಲೆಯವರಲ್ಲಿ ಇಲ್ಲವಾಗಿರುವುದು ಈ ಕಿಣ್ವವೇ ಎಂದು 1963ರಲ್ಲಿ ಬೆಲ್ಜಿಯಂನ ವಿಜ್ಞಾನಿ ಹೆರ್ಸ್ ಕಂಡುಕೊಂಡರು. ಕಿಣ್ವವಿಲ್ಲದ ಚೀಲ ಉಬ್ಬುತ್ತಲೇ ಹೋಗಿ ಸ್ನಾಯುವಿನ ಎಳೆಗಳನ್ನು ಹಾಳುಗೆಡವುತ್ತದೆ. ಕಿಣ್ವ ಸ್ವಲ್ಪವೂ ಇಲ್ಲದ ಹಸುಗೂಸುಗಳಿಗೆ ಕತ್ತು ನಿಲ್ಲುವುದಿಲ್ಲ, ಹಾಲು ಕುಡಿಯುವುದೇ ಆಯಾಸವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನವು ಮೊದಲ ಹುಟ್ಟುಹಬ್ಬವನ್ನು ಕಾಣುವುದಿಲ್ಲ.

ಇಂಥ ಕಾಯಿಲೆಯ ನಡೆಯನ್ನು ಹಸುಗೂಸಿನ ದೇಹದಲ್ಲಿ ವಾರವಾರವೂ ಬಗೆದು ನೋಡಲಾಗದು. ಆದ್ದರಿಂದ 1998ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ನೀನಾ ರಾಬೆನ್ ಮತ್ತು ಸಂಗಡಿಗರು ಇದೇ ಕಿಣ್ವದ ಜೀನ್ ಅನ್ನು ಮುರಿದ ಇಲಿಗಳನ್ನು ರೂಪಿಸಿದರು. ಅದೇ ವರ್ಷ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ತಂಡವೂ ಅಂಥ ಇಲಿಗಳನ್ನು ಪಡೆಯಿತು. ಮೂರು ವಾರದ ಮರಿಯ ಹೃದಯದ ಮತ್ತು ಕಾಲಿನ ಸ್ನಾಯುವಿನಲ್ಲೇ ಗ್ಲೈಕೋಜನ್ ಕಟ್ಟಿಕೊಳ್ಳತೊಡಗಿರುತ್ತದೆ. ಆ ಸ್ನಾಯುವಿನ ತೆಳುವಾದ ಚೂರಿಗೆ ಬಣ್ಣ ಕಟ್ಟಿದರೆ ಗ್ಲೈಕೋಜನ್ ಇರುವೆಡೆಯಲ್ಲೆಲ್ಲ ಕಡು ಗುಲಾಬಿ ಚುಕ್ಕೆಗಳು ಏಳುತ್ತವೆ. ಎಂಟು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಇಲಿಯ ಸ್ನಾಯು ಕರಗಿ, ಅದರ ಸೊರಗು ಬರಿಗಣ್ಣಿಗೇ ಕಾಣುತ್ತದೆ.

ಆದರೆ ಆ ಇಲಿ ಹಸುಗೂಸಿನಂತೆ ಬೇಗ ಸಾಯುವುದಿಲ್ಲ. ಹೃದಯದಲ್ಲಿ ಗ್ಲೈಕೋಜನ್ ತುಂಬಿದ್ದರೂ ಅದು ತಿಂಗಳುಗಟ್ಟಲೆ ಬದುಕುತ್ತದೆ, ಮರಿಯನ್ನೂ ಹಾಕುತ್ತದೆ. ಇದನ್ನು ಮಾದರಿಯ ಕೊರತೆ ಎಂದು ಎಣಿಸುವುದು ಸುಲಭ. ನನಗೆ ಮಾತ್ರ ಅತ್ಯಂತ ಬೆಲೆಯುಳ್ಳ ತಿಳಿವಳಿಕೆ ದೊರೆತದ್ದು ಈ ಹೆಚ್ಚುವರಿ ಆಯುಷ್ಯದಿಂದಲೇ ಎನಿಸುತ್ತದೆ. ಇಲ್ಲವಾದ ಕಿಣ್ವವನ್ನು ಹೊರಗಿನಿಂದ ಇಲಿಯ ರಕ್ತಕ್ಕೆ ಕೊಟ್ಟಾಗ ಹೃದಯ ಚೆನ್ನಾಗಿ ಸ್ಪಂದಿಸಿತು, ಕಾಲಿನ ಸ್ನಾಯು ಹಾಗೆ ಸ್ಪಂದಿಸಲಿಲ್ಲ. ಏಕೆಂದು ಹುಡುಕಿದಾಗ, ಬೇಗನೆ ಸಂಕುಚಿಸುವ ಬಗೆಯ ಎಳೆಗಳ ಒಡಲಿನಲ್ಲಿ, ಜೀವಕೋಶ ತನ್ನ ಸವೆದ ಭಾಗಗಳನ್ನು ತಾನೇ ಅರಗಿಸಿಕೊಳ್ಳುವ ಕೆಲಸ ಅರ್ಧಕ್ಕೆ ನಿಂತು, ಅರಗದ ಕಸ ಗುಡ್ಡೆಬಿದ್ದಿರುವುದು ಕಂಡಿತು. ಇನ್ನೊಂದು ಸಂಗತಿ, ಉಸಿರಾಡಿಸುವ ಸ್ನಾಯುವಾದ ವಪೆಯನ್ನು ಆಡಿಸುವ ಬೆನ್ನುಹುರಿಯ ನರಕೋಶಗಳಲ್ಲೂ ಗ್ಲೈಕೋಜನ್ ಕೂಡಿತ್ತು. ರಕ್ತಕ್ಕೆ ಕೊಟ್ಟ ಕಿಣ್ವ ಅಲ್ಲಿಗೆ ತಲುಪುವುದಿಲ್ಲ. ಉಸಿರಾಟದ ತೊಂದರೆಗೆ ಸ್ನಾಯುವೊಂದನ್ನೇ ಹೊಣೆ ಮಾಡುತ್ತಿದ್ದ ಎಣಿಕೆಯನ್ನು ಇದು ಬದಲಿಸಿತು.

ಮಾನವ ಕಿಣ್ವವನ್ನು ಹೊರಗಿನದೆಂದು ಬಗೆದು ಅದನ್ನು ಮೈ ಒಪ್ಪಿಕೊಳ್ಳದ ಇಲಿಗಳೂ ಇದ್ದವು. ಹಾಗಾಗಿ ಯಕೃತ್ತಿನಲ್ಲಿ ಆ ಕಿಣ್ವವನ್ನು ಎಳ್ಳಷ್ಟು ತಯಾರಿಸಿಕೊಳ್ಳುವ, ಅದನ್ನು ತನ್ನದೆಂದೇ ಬಗೆಯುವ ಇಲಿಗಳನ್ನು ಬೆಳೆಸಬೇಕಾಯಿತು. ಇಲಿಯಷ್ಟೇ ಅಲ್ಲ, ಇದೇ ಕಿಣ್ವದ ಕೊರತೆಯುಳ್ಳ ಜಪಾನಿ ಕ್ವೇಲ್ ಹಕ್ಕಿಗಳೂ ಈ ಹಾದಿಯಲ್ಲಿ ನೆರವಾದವು. ಅಂಗಾತ ಮಲಗಿಸಿದರೆ ಮಗುಚಿ ಏಳಲಾರದ ಹಕ್ಕಿ, ಕಿಣ್ವ ಪಡೆದ ಮೇಲೆ ತಾನಾಗಿ ಎದ್ದು ನಿಂತಿತು. 1999ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಜೀನ್ ಮಾರ್ಪಡಿಸಿದ ಮೊಲಗಳ ಹಾಲಿನಿಂದ ಬೇರ್ಪಡಿಸಿದ ಕಿಣ್ವವನ್ನು ಹಸುಗೂಸುಗಳಿಗೆ ಕೊಡಲು ತೊಡಗಿದರು. 2006ರಲ್ಲಿ ಅಮೆರಿಕ ಮತ್ತು ಯುರೋಪುಗಳಲ್ಲಿ ಕಿಣ್ವದ ಔಷಧಿಗೆ ಮಂಜೂರಾತಿ ಸಿಕ್ಕಿತು. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಬದುಕಿರುವಷ್ಟು ಕಾಲವೂ ಅದನ್ನು ರಕ್ತನಾಳದ ಮೂಲಕ ಪಡೆಯಬೇಕು.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ಮಗುವಿಗೆ ಈ ಕಾಯಿಲೆ ತಗಲುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯುಳ್ಳ ನಮ್ಮ ನಾಡಿನಲ್ಲಿ ಅದರ ಸಂಭವ ಹೆಚ್ಚು. ಭಾರತದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಪೊಂಪೆ ಇದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಈ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲಿ ಒಂದು. ಇಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಜೀವನಪೂರ್ತಿಯ ಔಷಧಿಗೆ ಆ ಮೊತ್ತ ಸಾಲದೆಂಬುದು ತಂದೆತಾಯಿಯರ ನೋವು, ಅದನ್ನು ಕಡೆಗಣಿಸಲಾಗದು.

ಇಲಿಗಳಲ್ಲಿ ಮತ್ತೊಂದು ಮಾತು ಸ್ಪಷ್ಟವಾಗಿದೆ: ಎಳೆಯದರಲ್ಲಿ ಕಿಣ್ವ ಕೊಟ್ಟರೆ ಆಗುವಷ್ಟು ಗುಣ, ಸ್ನಾಯುವಿನೊಳಗೆ ಕಸ ಗುಡ್ಡೆಬಿದ್ದ ಮೇಲೆ ಕೊಟ್ಟರೆ ಆಗುವುದಿಲ್ಲ. ಆದುದರಿಂದ ಮಗುವಿಗೆ ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದೆ, ಕೈಕಾಲು ಜೋತುಬಿದ್ದು, ಎದೆಯ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ, ಕಾಗದದ ಮೇಲೆ ಒಣಗಿಸಿದ ಒಂದೆರಡು ಹನಿ ರಕ್ತದಲ್ಲಿ ಈ ಕಿಣ್ವವನ್ನು ಅಳೆಯುವ ಪರೀಕ್ಷೆಯ ಬಗ್ಗೆ ಮಕ್ಕಳ ವೈದ್ಯರನ್ನು ಅಂದೇ ಕೇಳಬೇಕು.

ನಮಸ್ಕಾರ.